ಮನೆ ಹವಾಮಾನ ಕೇಂದ್ರದ ತೇವಾಂಶ ಸರಿಯಿದೆಯೇ? ಪರೀಕ್ಷಿಸುವ ಉಪಕರಣ ಆರಿಸುವ ಬಗೆ

ಜನವರಿಯ ಒಂದು ಮಧ್ಯಾಹ್ನ. ಅಂಗಳದ ತುಂಬ ಅಡಿಕೆ ಹರಡಿತ್ತು, ಗುಡ್ಡೆಯ ಕಡೆಯಿಂದ ಒಣಗಾಳಿ ಬೀಸುತ್ತಿತ್ತು. ಜಗಲಿಯ ಗೋಡೆಯಲ್ಲಿದ್ದ ಹವಾಮಾನ ಕೇಂದ್ರದ ಪರದೆಯಲ್ಲಿ ತೇವಾಂಶ ಶೇಕಡಾ 74. ಅಮ್ಮ ಒಂದು ಅಡಿಕೆ ಎತ್ತಿ ಕಿವಿಯ ಹತ್ತಿರ ಕುಲುಕಿದರು. “ಒಳಗೆ ಗಲಗಲ ಅಂತದೆ. ಇಷ್ಟು ಒಣಗುವ ಬಿಸಿಲಿಗೆ ಎಪ್ಪತ್ತನಾಲ್ಕು ಹೇಗೆ ಬರ್ತದೆ ಮಗಾ?”

ಉತ್ತರ ನನ್ನಲ್ಲಿರಲಿಲ್ಲ. ಪೇಟೆಗೆ ಹೋಗಿ ಗಡಿಯಾರದ ಜೊತೆ ತೇವಾಂಶವನ್ನೂ ತೋರಿಸುವ ಒಂದು ಡಿಜಿಟಲ್ ಮೀಟರ್ ತಂದೆ. ಅದು 58 ಎಂದಿತು. ಅದರ ಮೇಲೂ ಸಂಶಯ ಬಂದು ಅಂಥದ್ದೇ ಇನ್ನೊಂದು ತಂದೆ. ಅದು 66 ಎಂದಿತು. ಒಂದೇ ಮೇಜಿನ ಮೇಲೆ ಮೂರು ಯಂತ್ರ, ಮೂರು ಲೆಕ್ಕ. ಯಾವುದನ್ನು ನಂಬುವುದು? ಕೊನೆಗೆ ಎರಡು ಥರ್ಮಾಮೀಟರ್ ಮತ್ತು ಒಂದು ತುಂಡು ಒದ್ದೆ ಬಟ್ಟೆಯಿಂದ ಅಳೆದಾಗ ಬಂದ ಉತ್ತರ 51. ಆ ಮೂರು ಯಂತ್ರಗಳಲ್ಲಿ ಒಂದೂ ಸರಿಯಿರಲಿಲ್ಲ.

ಕಾಸರಗೋಡಿನ ನಮ್ಮ ಕಡೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಮುತ್ತ, ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ಅಭ್ಯಾಸ ಹಳೆಯದು. ಈಗ ಅನೇಕರು ತಾಪಮಾನ, ಗಾಳಿ, ತೇವಾಂಶ ತೋರಿಸುವ ಕೇಂದ್ರವನ್ನೂ ಇಟ್ಟುಕೊಂಡಿದ್ದಾರೆ. ಮಳೆಮಾಪಕ ತಪ್ಪಿದರೆ ಪಕ್ಕದಲ್ಲೊಂದು ಡಬ್ಬಿ ಇಟ್ಟು ತಾಳೆ ನೋಡಬಹುದು. ತೇವಾಂಶಕ್ಕೆ ಅಷ್ಟು ಸುಲಭದ ದಾರಿಯಿಲ್ಲ. ಆದರೆ ಅಡಿಕೆಯ ಕೊಳೆರೋಗಕ್ಕೆ, ಅಂದರೆ ನಾವು ಮಹಾಳಿ ಎನ್ನುವ ರೋಗಕ್ಕೆ, ಅನುಕೂಲವಾಗುವುದೇ ಬಿಡದ ಮಳೆ, ತಂಪು ಮತ್ತು ತುಂಬಿದ ತೇವಾಂಶ. ಮದ್ದು ಬಿಡುವ ದಿನವನ್ನೂ ಅಡಿಕೆ ಒಣಗಿಸುವ ದಿನವನ್ನೂ ಈ ಸಂಖ್ಯೆ ನೋಡಿ ನಿರ್ಧರಿಸುವವರಿಗೆ ಅದು ಸರಿಯಿರಲೇಬೇಕು.

ಮೊದಲು ತಿಳಿಯಬೇಕಾದ್ದು: ನಮಗೆ ಯಾವ ವ್ಯಾಪ್ತಿ ಮುಖ್ಯ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಹೆಚ್ಚಿನ ಹೊತ್ತು 80ರ ಮೇಲೆಯೇ ಇರುತ್ತದೆ. ಇಲ್ಲೇ ತೊಂದರೆ. ಅಗ್ಗದ ಮೀಟರ್‌ಗಳ ಪೆಟ್ಟಿಗೆಯ ಮೇಲೆ ‘20ರಿಂದ 80ರವರೆಗೆ ±3, ಉಳಿದ ಕಡೆ ±5’ ಎಂಬಂಥ ಸಾಲು ಇರುತ್ತದೆ. ಆ ‘ಉಳಿದ ಕಡೆ’ಯಲ್ಲೇ ನಮ್ಮ ನಾಲ್ಕು ತಿಂಗಳು ಕಳೆಯುತ್ತದೆ. ಆದ್ದರಿಂದ ಯಾವ ಉಪಕರಣ ನೋಡಿದರೂ ಕೇಳಬೇಕಾದ ಮೊದಲ ಪ್ರಶ್ನೆ: 90ರಲ್ಲಿ ಇದರ ನಿಖರತೆ ಎಷ್ಟು?

ಅದೇ ಸಾಲಿನಲ್ಲಿ ಜನ ಸೋಲುವ ಇನ್ನೊಂದು ಮಾತಿದೆ, ‘ರೆಸಲ್ಯೂಶನ್ 0.1’. ಪರದೆಯಲ್ಲಿ 83.4 ಎಂದು ದಶಮಾಂಶ ಕಂಡರೆ ನಿಖರವೆಂದು ಅನಿಸುತ್ತದೆ. ರೆಸಲ್ಯೂಶನ್ ಎಂದರೆ ಎಷ್ಟು ಸಣ್ಣ ವ್ಯತ್ಯಾಸ ತೋರಿಸಬಲ್ಲದು ಎಂದಷ್ಟೇ. ತೋರಿಸಿದ್ದು ನಿಜವೇ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ನೋಡಬೇಕಾದ್ದು ನಿಖರತೆ, ಅಂದರೆ ಅಕ್ಯುರಸಿ.

ಎರಡನೆಯದು: ಪರೀಕ್ಷಿಸುವ ಉಪಕರಣದ ತತ್ವ ಬೇರೆಯಿರಲಿ

ಮನೆ ಕೇಂದ್ರಗಳಲ್ಲಿರುವುದು ಹೆಚ್ಚಾಗಿ ಕೆಪಾಸಿಟಿವ್ ಸೆನ್ಸರ್. ತೆಳುವಾದ ಒಂದು ಪಾಲಿಮರ್ ಪದರ ಗಾಳಿಯ ತೇವವನ್ನು ಹೀರುತ್ತದೆ, ಅದರ ವಿದ್ಯುತ್ ಗುಣ ಬದಲಾಗುತ್ತದೆ, ಚಿಪ್ ಅದನ್ನು ಸಂಖ್ಯೆಯಾಗಿ ಕೊಡುತ್ತದೆ. ಈ ಜಾತಿಯ ಸೆನ್ಸರಿಗೆಲ್ಲ ಒಂದು ಸಮಾನ ದೋಷವಿದೆ. ದಿನಗಟ್ಟಲೆ 80ಕ್ಕಿಂತ ಹೆಚ್ಚು ತೇವದಲ್ಲಿದ್ದರೆ ಅವು ನಿಜಕ್ಕಿಂತ ಮೇಲಕ್ಕೆ ಜಾರುತ್ತವೆ. ಸೆನ್ಸರ್ ತಯಾರಿಸುವ ಸೆನ್ಸಿರಿಯಾನ್ ಕಂಪನಿಯೇ ತನ್ನ ಕೆಲವು ಮಾದರಿಗಳ ವಿವರಪತ್ರದಲ್ಲಿ, 80ರ ಮೇಲೆ 60 ಗಂಟೆ ಇದ್ದರೆ ಶೇಕಡಾ 3ರಷ್ಟು ಹೆಚ್ಚು ತೋರಿಸಬಹುದು ಎಂದು ಹೇಳಿದೆ. ಒಣಹವೆ ಬಂದ ಮೇಲೆ ಈ ಜಾರುವಿಕೆ ನಿಧಾನವಾಗಿ ಇಳಿಯುತ್ತದೆ. ಆದರೆ ನಮ್ಮಲ್ಲಿ 60 ಗಂಟೆ ಎಂದರೆ ಮಳೆ ಸುರಿಯುವ ಆಟಿ ತಿಂಗಳ ಎರಡೂವರೆ ದಿನ!

ಹಾಗಾಗಿ ಕೇಂದ್ರದ ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಮೀಟರನ್ನು ಇಡೀ ಮಳೆಗಾಲ ನೇತುಹಾಕಿದರೆ ಎರಡೂ ಒಟ್ಟಿಗೆ ತಪ್ಪುತ್ತವೆ, ಒಂದನ್ನೊಂದು ಸಮರ್ಥಿಸುತ್ತವೆ. ಎರಡು ಯಂತ್ರ ಒಂದೇ ಸಂಖ್ಯೆ ತೋರಿಸಿದ ಮಾತ್ರಕ್ಕೆ ಆ ಸಂಖ್ಯೆ ನಿಜವಾಗುವುದಿಲ್ಲ. ನಾನು ಎರಡು ಮೀಟರಿಗೆ ದುಡ್ಡು ಕೊಟ್ಟು ಕಲಿತದ್ದು ಇದನ್ನೇ.

ಇರುವ ಆಯ್ಕೆಗಳು

ಕೂದಲಿನ ಹೈಗ್ರೋಮೀಟರ್ ಹಳೆಯದು. 1783ರಲ್ಲಿ ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಅದರ ವಿವರ ಪ್ರಕಟಿಸಿದ. ತೇವಕ್ಕೆ ಕೂದಲು ಉದ್ದವಾಗುವುದನ್ನು ಮುಳ್ಳಿಗೆ ಜೋಡಿಸಿದ ಸಾಧನ. ನೋಡಲು ಚಂದ, ಆದರೆ ಅದನ್ನೇ ಆಗಾಗ ಸರಿಪಡಿಸುತ್ತಿರಬೇಕು. ನಮ್ಮ ಕೆಲಸಕ್ಕಾಗದು. ಡಯಲ್ ಇರುವ ಸುರುಳಿ ಮೀಟರೂ ಹಾಗೆಯೇ.

ಇನ್ನೊಂದು ತುದಿಯಲ್ಲಿ ಚಿಲ್ಡ್ ಮಿರರ್ ಇದೆ. ಕನ್ನಡಿಯನ್ನು ತಂಪು ಮಾಡಿ, ಇಬ್ಬನಿ ಕಟ್ಟುವ ತಾಪಮಾನವನ್ನೇ ಅಳೆಯುವ ಯಂತ್ರ. ಪ್ರಯೋಗಾಲಯಗಳಲ್ಲಿ ಇದನ್ನೇ ಮಾನದಂಡವಾಗಿ ಬಳಸುತ್ತಾರೆ. ಬೆಲೆ ಲಕ್ಷಗಳಲ್ಲಿ.

ಉಳಿದದ್ದು ಮೂರು: ಒಣ-ಒದ್ದೆ ಥರ್ಮಾಮೀಟರಿನ ಸೈಕ್ರೋಮೀಟರ್, ಕ್ಯಾಲಿಬ್ರೇಶನ್ ಪತ್ರವಿರುವ (ಅಂದರೆ ಮಾನದಂಡಕ್ಕೆ ತಾಳೆ ನೋಡಿದ ದಾಖಲೆಯಿರುವ) ಒಳ್ಳೆಯ ಡಿಜಿಟಲ್ ಪ್ರೋಬ್, ಮತ್ತು ಉಪ್ಪು. ನನ್ನ ಸಲಹೆ: ಸೈಕ್ರೋಮೀಟರ್ ಮತ್ತು ಉಪ್ಪು ಇವೆರಡನ್ನು ಮೊದಲು ಮಾಡಿಕೊಳ್ಳಿ. ಡಿಜಿಟಲ್ ಪ್ರೋಬ್ ಆಮೇಲೆ, ಬೇಕೆನಿಸಿದರೆ.

ಸೈಕ್ರೋಮೀಟರ್: ಆರಿಸುವುದು ಮತ್ತು ಬಳಸುವುದು

ಇದನ್ನೇ ಮೊದಲು ಹೇಳಲು ಕಾರಣವಿದೆ. ಇದರಲ್ಲಿರುವುದು ಎರಡು ಥರ್ಮಾಮೀಟರ್ ಮಾತ್ರ, ಮತ್ತು ಥರ್ಮಾಮೀಟರನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿರುತ್ತದೆ. ನೀರು ಆವಿಯಾದಷ್ಟೂ ಅದು ತಣಿಯುತ್ತದೆ. ಗಾಳಿ ಒಣಗಿದ್ದರೆ ಹೆಚ್ಚು ತಣಿಯುತ್ತದೆ, ತೇವವಿದ್ದರೆ ಕಡಿಮೆ. ಎರಡರ ನಡುವಿನ ಅಂತರದಿಂದ ತೇವಾಂಶದ ಲೆಕ್ಕ ಸಿಗುತ್ತದೆ.

ಗೋಡೆಗೆ ತೂಗುಹಾಕುವ, ಕೆಳಗೆ ನೀರಿನ ಸಣ್ಣ ಕುಪ್ಪಿಯಿರುವ ಮಾದರಿಯನ್ನು ಕೊಳ್ಳಬೇಡಿ. ಅದರಲ್ಲಿ ಗಾಳಿ ಆಡುವುದಿಲ್ಲ. ಒದ್ದೆ ಬುರುಡೆ ಪೂರ್ತಿ ತಣಿಯುವುದಿಲ್ಲ, ತೇವಾಂಶ ಹೆಚ್ಚು ತೋರುತ್ತದೆ. ಬೇಕಾದ್ದು ಸೆಕೆಂಡಿಗೆ 3 ಮೀಟರಿಗೆ ಕಡಿಮೆಯಾಗದ ಗಾಳಿ. ಅದಕ್ಕೆ ಎರಡು ದಾರಿ: ಹಿಡಿ ಹಿಡಿದು ಗರಗರ ತಿರುಗಿಸುವ ವರ್ಲಿಂಗ್ ಸೈಕ್ರೋಮೀಟರ್, ಇಲ್ಲವೇ ಫ್ಯಾನ್ ಇರುವ ಆಸ್ಮನ್ ಮಾದರಿ. ತಿರುಗಿಸುವುದು ಪ್ರಯೋಗಾಲಯ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಕೊಳ್ಳುವಾಗ ಥರ್ಮಾಮೀಟರಿನ ಗೆರೆ 0.5 ಡಿಗ್ರಿಯದ್ದಲ್ಲ, 0.2 ಅಥವಾ 0.1ರದ್ದು ಇರಲಿ. ಯಾಕೆಂದು ಲೆಕ್ಕದಲ್ಲೇ ಗೊತ್ತಾಗುತ್ತದೆ.

ಕೈಕೆಲಸ ಬಲ್ಲವರು ಫ್ಯಾನಿನದನ್ನು ಮಾಡಿಕೊಳ್ಳಬಹುದು. ಒಂದು ಅಡಿ ಪಿವಿಸಿ ಪೈಪು, ಕಂಪ್ಯೂಟರಿನ 12 ವೋಲ್ಟ್ ಫ್ಯಾನ್, ಡಿಎಸ್18ಬಿ20 ಎಂಬ ಎರಡು ಜಲನಿರೋಧಕ ತಾಪ ಸೆನ್ಸರ್. ಫ್ಯಾನ್ ಗಾಳಿಯನ್ನು ಊದಬಾರದು, ಎಳೆಯಬೇಕು. ಇಲ್ಲವಾದರೆ ಮೋಟಾರಿನ ಬಿಸಿ ಸೆನ್ಸರಿಗೆ ತಾಗುತ್ತದೆ. ಬಟ್ಟೆ ಸೆನ್ಸರಿನ ಲೋಹದ ತುದಿಯನ್ನು ಮಾತ್ರವಲ್ಲ, ಅದರಾಚೆ ನಾಲ್ಕೈದು ಸೆಂಟಿಮೀಟರ್ ತಂತಿಯನ್ನೂ ಮುಚ್ಚಿರಲಿ, ತಂತಿಯ ಮೂಲಕ ಬಿಸಿ ಹರಿಯದಂತೆ. ಪೈಪಿನ ಹೊರಗೆ ಅಲ್ಯುಮಿನಿಯಂ ಹಾಳೆ ಸುತ್ತಿ. ಈ ಸೆನ್ಸರಿನ ನಿಖರತೆ ±0.5 ಡಿಗ್ರಿ ಮಾತ್ರ, ನಕಲಿಯೂ ಮಾರುಕಟ್ಟೆಯಲ್ಲಿ ಧಾರಾಳ. ಆದ್ದರಿಂದ ಮುಂದಿನ ಪರೀಕ್ಷೆಯನ್ನು ಬಿಡಬೇಡಿ.

ಶುದ್ಧ ನೀರಿನ ಐಸನ್ನು ಪುಡಿಮಾಡಿ ಫ್ಲಾಸ್ಕಿಗೆ ತುಂಬಿ, ಸಂದು ತುಂಬುವಷ್ಟು ತಣ್ಣೀರು ಹಾಕಿ. ಎರಡೂ ಥರ್ಮಾಮೀಟರುಗಳನ್ನು ಮುಳುಗಿಸಿ ಕಾಲು ಗಂಟೆ ಬಿಟ್ಟು ಓದಿ. ಎರಡೂ 0 ತೋರಿಸಬೇಕು. ಬಳಿಕ ಒಂದು ಪಾತ್ರೆ ನೀರಿನಲ್ಲಿ, 25 ಡಿಗ್ರಿಯ ಸುತ್ತ, ಎರಡನ್ನೂ ರಬ್ಬರ್ ಬ್ಯಾಂಡಿನಿಂದ ಒಟ್ಟಿಗೆ ಕಟ್ಟಿ ಕಲಕುತ್ತ ಓದಿ. ಒಂದು 25.2, ಇನ್ನೊಂದು 25.4 ಎಂದರೆ 0.2ರ ಅಂತರವನ್ನು ಬರೆದಿಟ್ಟು ಪ್ರತಿಸಲ ಕಳೆಯಿರಿ. ಎರಡರ ನಡುವಿನ ಅಂತರ ಸರಿಯಿರುವುದು ಅತ್ಯಂತ ಮುಖ್ಯ.

ಬಟ್ಟೆಗೆ ನಾನು ಬಳಸಿದ್ದು ಅಪ್ಪನ ಹಳೆಯ ಬಿಳಿ ಮುಂಡಿನ ಅಂಚಿಲ್ಲದ ತುಂಡು. ಎಷ್ಟೋ ವರ್ಷ ಒಗೆದು ಗಂಜಿಯೆಲ್ಲ ಹೋಗಿ ಹಗುರವಾದ ಹತ್ತಿ. ಅದನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ನಾಲ್ಕು ಸಲ ಜಾಲಿಸಿ, ಬರಿಗೈಯಿಂದ ಹೆಚ್ಚು ಮುಟ್ಟದೆ ಕಟ್ಟಬೇಕು. ಕೈಯ ಎಣ್ಣೆ ತಾಗಿದ ಕಡೆ ನೀರು ಹೀರುವುದಿಲ್ಲ. ನೀರು ಡಿಸ್ಟಿಲ್ಡ್ ಆಗಿರಲಿ. ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರು ಸಾಕು. ಗುಡ್ಡೆ ಕೊರೆದು ನೀರು ತೆಗೆಯುವ ನಮ್ಮ ಸುರಂಗದ ನೀರು ಎಷ್ಟು ತಿಳಿಯಿದ್ದರೂ ಇದಕ್ಕೆ ಬೇಡ. ಅದರಲ್ಲಿ ಕರಗಿದ ಲವಣ ಬಟ್ಟೆಯಲ್ಲಿ ಉಳಿದು ದಿನ ಕಳೆದಂತೆ ತಪ್ಪು ಬೆಳೆಯುತ್ತದೆ. ಫ್ರಿಜ್ಜಿನ ನೀರನ್ನೂ ಸುರಿಯಬೇಡಿ.

ನೆರಳಿನಲ್ಲಿ, ಗಾಳಿಗೆ ಮುಖ ಮಾಡಿ, ಮೈಯಿಂದ ದೂರ ಹಿಡಿದು ಎರಡು ನಿಮಿಷ ತಿರುಗಿಸಿ. ನಿಲ್ಲಿಸಿದ ಕೂಡಲೇ ಒದ್ದೆಯದನ್ನು ಮೊದಲು ಓದಿ, ಆಮೇಲೆ ಒಣದನ್ನು. ಉಸಿರು ತಾಗಬಾರದು. ಮತ್ತೆ ತಿರುಗಿಸಿ, ಮತ್ತೆ ಓದಿ. ಒದ್ದೆಯ ಸಂಖ್ಯೆ ಇನ್ನು ಇಳಿಯದು ಎಂದಾಗ ಅದನ್ನು ಬರೆಯಿರಿ. ಈ ವಿಧಾನದಲ್ಲಿ ನನಗೆ ಹೆಚ್ಚು ಭರವಸೆ ಕೊಡುವುದು ಇದೇ: ಕೊಳಕು ಬಟ್ಟೆ, ಕಡಿಮೆ ಗಾಳಿ, ಆರಿದ ನೀರು, ಯಾವ ತಪ್ಪಾದರೂ ಒದ್ದೆ ಬುರುಡೆ ಬೆಚ್ಚಗಾಗುತ್ತದೆಯೇ ಹೊರತು ಹೆಚ್ಚು ತಣಿಯುವುದಿಲ್ಲ. ಹಾಗಾಗಿ ಥರ್ಮಾಮೀಟರ್ ಸರಿಯಿದ್ದರೆ, ಗಾಳಿ ಬದಲಾಗದಿದ್ದರೆ, ಸಿಕ್ಕಿದ ಅತಿ ಕಡಿಮೆ ಸಂಖ್ಯೆಯೇ ನಿಜಕ್ಕೆ ಹತ್ತಿರ.

ಇನ್ನು ಲೆಕ್ಕ. ಆಯಾ ತಾಪಮಾನದಲ್ಲಿ ಗಾಳಿ ತೇವದಿಂದ ಪೂರ್ತಿ ತುಂಬಿದಾಗ ನೀರಾವಿಯ ಒತ್ತಡ ಎಷ್ಟು ಹೆಕ್ಟೋಪಾಸ್ಕಲ್ ಎಂಬುದು ಇಲ್ಲಿದೆ:

20 ಡಿಗ್ರಿಗೆ 23.4, 21ಕ್ಕೆ 24.9, 22ಕ್ಕೆ 26.4, 23ಕ್ಕೆ 28.1, 24ಕ್ಕೆ 29.8, 25ಕ್ಕೆ 31.7, 26ಕ್ಕೆ 33.6, 27ಕ್ಕೆ 35.7, 28ಕ್ಕೆ 37.8, 29ಕ್ಕೆ 40.1, 30ಕ್ಕೆ 42.4, 31ಕ್ಕೆ 44.9, 32ಕ್ಕೆ 47.6, 33ಕ್ಕೆ 50.3.

ಒದ್ದೆ ತಾಪಮಾನದ ಎದುರಿನ ಸಂಖ್ಯೆ ತೆಗೆದುಕೊಳ್ಳಿ. ಎರಡು ಥರ್ಮಾಮೀಟರುಗಳ ಅಂತರವನ್ನು 0.67ರಿಂದ ಗುಣಿಸಿ ಅದರಿಂದ ಕಳೆಯಿರಿ. ಬಂದದ್ದನ್ನು ಒಣ ತಾಪಮಾನದ ಎದುರಿನ ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿ. ಸಮುದ್ರಮಟ್ಟಕ್ಕೆ ಹತ್ತಿರವಿರುವ ನಮ್ಮ ಊರುಗಳಿಗೆ 0.67 ಸರಿಹೋಗುತ್ತದೆ.

ಆ ಜನವರಿಯ ಮಧ್ಯಾಹ್ನ ಒಣ 32, ಒದ್ದೆ 24 ಇತ್ತು. ಅಂತರ 8, ಗುಣಿಸಿದರೆ 5.36. 29.8ರಿಂದ ಕಳೆದರೆ 24.44. ಅದನ್ನು 47.6ರಿಂದ ಭಾಗಿಸಿದರೆ 51. ಮಳೆಗಾಲದಲ್ಲಿ ಒಣ 26, ಒದ್ದೆ 25 ಇದ್ದರೆ 92 ಬರುತ್ತದೆ. ಅದೇ ಒದ್ದೆಯನ್ನು ಅರ್ಧ ಡಿಗ್ರಿ ತಪ್ಪಾಗಿ 25.5 ಎಂದು ಓದಿದರೆ 96. ಅರ್ಧ ಡಿಗ್ರಿಯ ತಪ್ಪಿಗೆ ನಾಲ್ಕು ಅಂಶದ ವ್ಯತ್ಯಾಸ. ಸಣ್ಣ ಗೆರೆಯ ಥರ್ಮಾಮೀಟರಿಗೆ ದುಡ್ಡು ಕೊಡಿ ಎಂದದ್ದು ಇದಕ್ಕೇ.

ಉಪ್ಪಿನ ಪರೀಕ್ಷೆ

ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಉಪ್ಪು ಇಟ್ಟರೆ ಅದರ ಮೇಲಿನ ಗಾಳಿಯ ತೇವಾಂಶ ಒಂದೇ ಸಂಖ್ಯೆಯಲ್ಲಿ ನಿಲ್ಲುತ್ತದೆ. ಸೋಡಿಯಂ ಕ್ಲೋರೈಡಿಗೆ 25 ಡಿಗ್ರಿಯಲ್ಲಿ 75.3, 30ರಲ್ಲಿ 75.1. ಪೊಟ್ಯಾಶಿಯಂ ಕ್ಲೋರೈಡಿಗೆ 84.3 ಮತ್ತು 83.6. ಪೊಟ್ಯಾಶಿಯಂ ಸಲ್ಫೇಟಿಗೆ 97.3 ಮತ್ತು 97.0. ಒಣ ತುದಿಗೆ ಮೆಗ್ನೀಶಿಯಂ ಕ್ಲೋರೈಡ್, 32.8 ಮತ್ತು 32.4. ಇವುಗಳಲ್ಲಿ ಎರಡು ನಮ್ಮ ಗೊಬ್ಬರದ ಕೋಣೆಯವೇ: ಮ್ಯೂರಿಯೇಟ್ ಆಫ್ ಪೊಟ್ಯಾಷ್, ಸಲ್ಫೇಟ್ ಆಫ್ ಪೊಟ್ಯಾಷ್. ಆದರೆ ಗೊಬ್ಬರದ ಗೋಣಿಯಿಂದ ತೆಗೆಯಬೇಡಿ, ಬೆರಕೆ ಇರುತ್ತದೆ. ಅಡುಗೆಯ ಕಲ್ಲುಪ್ಪಿನಲ್ಲೂ ಮೆಗ್ನೀಶಿಯಂ ಲವಣ ಸೇರಿ ಸಂಖ್ಯೆ ಕೆಳಗಿಳಿಯುತ್ತದೆ. ಪ್ರಯೋಗಾಲಯ ದರ್ಜೆಯ ಸಣ್ಣ ಬಾಟಲಿ ಕೊಳ್ಳಿ. ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ.

ನೀರು ಹನಿಹನಿಯಾಗಿ ಹಾಕಿ ಕಲಸಿ. ಹದ ಒದ್ದೆ ಮರಳಿನಂತಿರಬೇಕು. ಮೇಲೆ ನೀರು ನಿಂತಿರಬಾರದು, ಕರಗದ ಹರಳು ಕಾಣುತ್ತಿರಬೇಕು. ಸೆನ್ಸರಿಗೆ ಅದು ತಾಗಬಾರದು. ಕೇಂದ್ರದ ಹೊರಭಾಗ ಬಿಚ್ಚಿ, ಬ್ಯಾಟರಿ ಸಹಿತ ಸೆನ್ಸರನ್ನು ಡಬ್ಬಿಯೊಳಗೆ ಇಟ್ಟು ಬಿಗಿಯಾಗಿ ಮುಚ್ಚಿ. ಡಬ್ಬಿ ಚಿಕ್ಕದಾದಷ್ಟೂ ಒಳ್ಳೆಯದು.

ಜನ ಎಡವುವುದು ತಾಪಮಾನದಲ್ಲಿ. ಉಪ್ಪಿಗೂ ಸೆನ್ಸರಿಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ 75ರಲ್ಲಿ ನಾಲ್ಕು ಅಂಶಕ್ಕೂ ಹೆಚ್ಚು ತಪ್ಪು ಬರುತ್ತದೆ. ಕಿಟಕಿ ಬದಿ, ಫ್ಯಾನಿನ ಕೆಳಗೆ, ಅಡುಗೆಮನೆ, ಇವ್ಯಾವುದೂ ಆಗದು. ನಮ್ಮ ಮನೆಯಲ್ಲಿ ಒಳಕೋಣೆಯ ಹಳೆಯ ಮರದ ಪತ್ತಾಯ ಇದಕ್ಕೆ ಹೇಳಿ ಮಾಡಿಸಿದಂತಿದೆ. ಭತ್ತವಿಲ್ಲದೆ ಖಾಲಿ ಬಿದ್ದಿದ್ದರೂ ಒಳಗೆ ಹಗಲು-ರಾತ್ರಿ ತಾಪಮಾನ ಹೆಚ್ಚು ಏರಿಳಿಯುವುದಿಲ್ಲ. ಪತ್ತಾಯ ಇಲ್ಲದವರು ಡಬ್ಬಿಯನ್ನು ಥರ್ಮಾಕೋಲ್ ಪೆಟ್ಟಿಗೆಯೊಳಗೆ ಇಡಬಹುದು. ರಾತ್ರಿ ಇಟ್ಟು ಬೆಳಿಗ್ಗೆ ಓದಿ. ಪೊಟ್ಯಾಶಿಯಂ ಸಲ್ಫೇಟಿಗೆ ಪೂರ್ತಿ ಒಂದು ದಿನ ಕೊಡಿ.

ಡಿಜಿಟಲ್ ಪ್ರೋಬ್ ಕೊಳ್ಳುವುದಾದರೆ

ಒಳಗಿನ ಸೆನ್ಸರಿನ ಹೆಸರು ಕೇಳಿ. ಡಿಎಚ್‌ಟಿ11 ±5ರದ್ದು, ಪರೀಕ್ಷೆಗೆ ಬೇಡವೇ ಬೇಡ. ಡಿಎಚ್‌ಟಿ22 ಕೂಡ ಬೇಡ. ಬಿಎಂಇ280 ±3. ಎಸ್‌ಎಚ್‌ಟಿ35 ಮತ್ತು ಎಸ್‌ಎಚ್‌ಟಿ85 ±1.5, ಎಸ್‌ಎಚ್‌ಟಿ45 ±1. ಕೇಂದ್ರದ್ದೇ ±3 ಇರುವಾಗ ಪರೀಕ್ಷಿಸುವುದು ±1.5 ಅಥವಾ ಅದಕ್ಕಿಂತ ಉತ್ತಮವಿದ್ದರೆ ಮಾತ್ರ ಅರ್ಥ.

ಕ್ಯಾಲಿಬ್ರೇಶನ್ ಪತ್ರ ಕೊಡುತ್ತೇವೆ ಎಂದರೆ ಪತ್ರವನ್ನೇ ಓದಿ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದ್ದೇ? ನಿಮ್ಮ ಉಪಕರಣದ ಸೀರಿಯಲ್ ನಂಬರ್ ಅದರಲ್ಲಿದೆಯೇ? ಯಾವ ಯಾವ ತೇವಾಂಶದಲ್ಲಿ ಪರೀಕ್ಷಿಸಿದ್ದಾರೆ? ಮಾಪನದ ಅನಿಶ್ಚಿತತೆ ಎಷ್ಟೆಂದು ಬರೆದಿದೆಯೇ? 30, 50, 70ರಲ್ಲಿ ಮಾತ್ರ ನೋಡಿದ ಪತ್ರ ನಮ್ಮ ಮಳೆಗಾಲಕ್ಕೆ ಉತ್ತರ ಕೊಡುವುದಿಲ್ಲ. 90ರ ಒಂದು ಬಿಂದು ಸೇರಿಸಿ ಎಂದು ಕೇಳಿ.

ತಂದ ಮೇಲೆ ಅದನ್ನು ಹೊರಗೆ ನೇತುಹಾಕಬೇಡಿ. ಕೆಲಸ ಮುಗಿದ ಕೂಡಲೇ ಗಾಳಿಯಾಡದ ಡಬ್ಬಿಯೊಳಗೆ, 80ಕ್ಕಿಂತ ಕೆಳಗಿನ ತೇವದಲ್ಲಿ ಇಡಿ. ತೇವದಲ್ಲಿ ಬಿಟ್ಟರೆ ಅದೂ ಜಾರುತ್ತದೆ, ಆಗ ಕೊಟ್ಟ ದುಡ್ಡು ವ್ಯರ್ಥ.

ಪಕ್ಕಪಕ್ಕ ಇಟ್ಟು ನೋಡುವುದು

ಮೋಡ ಕವಿದ, ಸ್ವಲ್ಪ ಗಾಳಿಯಿರುವ ಹೊತ್ತು ಒಳ್ಳೆಯದು. ಬೆಳಗಿನ ಬಿಸಿಲೇರುವ ಹೊತ್ತು ಬೇಡ, ಆಗ ತೇವಾಂಶ ನಿಮಿಷ ನಿಮಿಷಕ್ಕೂ ಇಳಿಯುತ್ತದೆ. ಕೇಂದ್ರದ ಸೆನ್ಸರ್ ಇರುವ ಎತ್ತರದಲ್ಲೇ, ಅದರ ಒಂದು ಅಡಿ ಆಸುಪಾಸಿನಲ್ಲಿ ಅಳೆಯಿರಿ. ತೋಟದೊಳಗೂ ಅಂಗಳದಲ್ಲೂ ಗಾಳಿ ಬೇರೆ, ಅವನ್ನು ಹೋಲಿಸಬಾರದು. ಬೇರೆ ಊರಿನ ವೀಕ್ಷಣಾಲಯದ ಸಂಖ್ಯೆಯೊಂದಿಗೆ ಹೋಲಿಸಿ ಕೇಂದ್ರವನ್ನು ತಿದ್ದುವುದೂ ಇದೇ ಕಾರಣಕ್ಕೆ ತಪ್ಪು.

ವ್ಯತ್ಯಾಸ ಕಂಡರೆ ಸೆನ್ಸರನ್ನು ದೂರುವ ಮೊದಲು ತಾಪಮಾನ ನೋಡಿ. ಗಾಳಿ 30 ಡಿಗ್ರಿ, ತೇವಾಂಶ 70 ಇದೆ ಎನ್ನೋಣ. ಕೇಂದ್ರದ ಬಿಸಿಲುಮರೆ ಕಾದು ಒಳಗೆ 31.5 ಆಗಿದ್ದರೆ ಸರಿಯಾದ ಸೆನ್ಸರೂ 64 ಎಂದೇ ತೋರಿಸುತ್ತದೆ. ಹಾಗಾಗಿ ಇಬ್ಬನಿ ಬಿಂದುವನ್ನು, ಅಂದರೆ ಡ್ಯೂ ಪಾಯಿಂಟನ್ನು ಹೋಲಿಸಿ. ಅದು ಎರಡರಲ್ಲೂ ಒಂದೇ ಇದ್ದರೆ ತಪ್ಪು ಬಿಸಿಲುಮರೆಯದ್ದು. ಅದೂ ಬೇರೆಯಾದರೆ ಸೆನ್ಸರಿನದ್ದು.

ಡಿಸೆಂಬರಿನ ಬೆಳಗಿನ ದಟ್ಟ ಮಂಜು ಪುಕ್ಕಟೆ ಪರೀಕ್ಷೆ. ಆಗ ಗಾಳಿ ಪೂರ್ತಿ ತುಂಬಿರುತ್ತದೆ, ಕೇಂದ್ರ 98ಕ್ಕಿಂತ ಕೆಳಗೆ ತೋರಿಸಿದರೆ ಕಡಿಮೆ ಓದುತ್ತಿದೆ ಎಂದರ್ಥ. ಆದರೆ ಹೆಚ್ಚು ಓದುವ ಸೆನ್ಸರ್ ಇಲ್ಲಿ ಸಿಕ್ಕಿಬೀಳುವುದಿಲ್ಲ, ಅದು ಹೇಗೂ 99ರಲ್ಲಿ ನಿಂತಿರುತ್ತದೆ. ನನ್ನದು ಮಳೆಗಾಲವಿಡೀ 99ರಲ್ಲಿ ಅಂಟಿಕೊಂಡಿತ್ತು. ನಾನು ಅದನ್ನು ಮಳೆಯ ಲೆಕ್ಕಕ್ಕೆ ಹಾಕಿದ್ದೆ.

ತಿದ್ದುವುದು ಮತ್ತು ಕಾಯುವುದು

ಉಪ್ಪಿನ ಎರಡು ಡಬ್ಬಿಗಳಲ್ಲಿ ಬಂದ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಇದ್ದರೆ ಅದನ್ನು ಕೇಂದ್ರದ ಆಫ್‌ಸೆಟ್‌ನಲ್ಲಿ, ಅಂದರೆ ಸಂಖ್ಯೆಗೆ ಕೂಡಿಸುವ-ಕಳೆಯುವ ತಿದ್ದುಪಡಿಯಲ್ಲಿ, ಹಾಕಿ. 75ರಲ್ಲಿ 5 ಹೆಚ್ಚು, 33ರಲ್ಲಿ 15 ಹೆಚ್ಚು ಎಂಬಂತಿದ್ದರೆ ಆಫ್‌ಸೆಟ್‌ನಿಂದ ಪ್ರಯೋಜನವಿಲ್ಲ, ಸೆನ್ಸರ್ ಬದಲಿಸಬೇಕು. ನನ್ನ ಹಳೆಯ ಸೆನ್ಸರಿನ ಫಿಲ್ಟರ್ ಬಿಚ್ಚಿದಾಗ ಒಳಗೆ ತೆಳುವಾದ ನೀಲಿ ಪುಡಿ ಕಂಡಿತು. ನಾಲ್ಕು ಮಳೆಗಾಲ ನಾವು ಬಿಟ್ಟ ಬೋರ್ಡೋ ದ್ರಾವಣದ ಮೈಲುತುತ್ತು, ಸುಣ್ಣ. ಅಂಥ ಲವಣ ಸೆನ್ಸರಿನ ಮೇಲೆ ಕೂತರೆ ತೇವವನ್ನು ಹಿಡಿದಿಡುತ್ತದೆ. ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯವರಿಗೆ ಇದೇ ತೊಂದರೆ ಸಮುದ್ರದ ಉಪ್ಪಿನಿಂದ ಬರುತ್ತದೆ. ಹಟ್ಟಿಯ ಅಮೋನಿಯ, ರಬ್ಬರ್ ಶೀಟು ಮಾಡುವಲ್ಲಿನ ಆಮ್ಲದ ಆವಿ, ಪೇಂಟಿನ ವಾಸನೆ ಇವೂ ಪಾಲಿಮರಿಗೆ ಆಗವು. ಕೇಂದ್ರವನ್ನು ಅವುಗಳಿಂದ ದೂರ ಇಡಿ.

ವರ್ಷಕ್ಕೆ ಎರಡು ಸಲ ಪರೀಕ್ಷಿಸಿ: ಮೇ ಕೊನೆಗೆ, ಮೊದಲ ಮದ್ದು ಬಿಡುವ ಮುಂಚೆ ಒಮ್ಮೆ, ಮಳೆ ಬಿಟ್ಟು ಒಂದು ತಿಂಗಳಾದ ಮೇಲೆ, ನವೆಂಬರಿನಲ್ಲಿ ಇನ್ನೊಮ್ಮೆ. ಮಳೆಯ ಪುಸ್ತಕದಲ್ಲೇ ಒಂದು ಪುಟ ಇದಕ್ಕೆ ಬಿಡಿ. ದಿನಾಂಕ, ಉಪ್ಪಿನ ಹೆಸರು, ಡಬ್ಬಿಯ ತಾಪಮಾನ, ಬಂದ ಸಂಖ್ಯೆ, ಸೈಕ್ರೋಮೀಟರಿನ ಒಣ-ಒದ್ದೆ, ಇಷ್ಟು ಬರೆದರೆ ಸಾಕು. ಮದ್ದು ಬಿಡುವ ದಿನ ಕೇಂದ್ರಕ್ಕೆ ಪ್ಲಾಸ್ಟಿಕ್ ಚೀಲ ಮುಚ್ಚಿ, ಸಂಜೆ ಮರೆಯದೆ ತೆಗೆಯಿರಿ. ಆ ದಿನದ ತೇವಾಂಶವನ್ನು ಪುಸ್ತಕದಲ್ಲಿ ಖಾಲಿ ಬಿಡಿ.